ಚಿತ್ರದಲ್ಲಿ ಮಾಯವಾದ ಬಿರುಕು

ಬಿರುಕುಗಳು ಇರಲಿಲ್ಲ.

ಇತ್ಸುಕೊ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಪರದೆಯ ಮೇಲೆ ಉಕ್ಕಿನ ಒಳಮೈ ನುಣ್ಣಗಿತ್ತು. ನಿನ್ನೆ ಸಂಜೆ ಇದೇ ಚಿತ್ರಗಳಲ್ಲಿ, ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಬಿರುಕುಗಳು ಬೇರಿನಂತೆ ಹರಡಿದ್ದವು.

ಜಪಾನಿನ ಸೆಂದಾಯ್ ನಗರದ ಆ ಸಂಶೋಧನಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಲಕ್ಷಾಂತರ ಚಿತ್ರಗಳನ್ನು ವಿಂಗಡಿಸಿ ಕಾಪಾಡುವುದು ಅವಳ ಕೆಲಸ. ಹನ್ನೆರಡು ವರ್ಷದಲ್ಲಿ ಒಂದೂ ಕಳೆದಿರಲಿಲ್ಲ. ಈಗಲೂ ಕಳೆದಿಲ್ಲ. ನಿನ್ನೆಯ ಚಿತ್ರಗಳೇ ಎರಡು ಸಾವಿರದ ನೂರ ನಲವತ್ತು ಫೈಲು. ಅದೇ ಹೆಸರು, ಅದೇ ದಿನಾಂಕ.

ಕಳೆದ ತಿಂಗಳು ಬೆಟ್ಟದ ರೋಪ್‌ವೇಯ ಉಕ್ಕಿನ ಹಗ್ಗದ ಒಂದು ಎಳೆ ತುಂಡಾಗಿ ಹನ್ನೊಂದು ಜನ ನಾಲ್ಕು ಗಂಟೆ ಗಾಳಿಯಲ್ಲಿ ನೇತಾಡಿದ್ದರು. ಉಳಿದ ಹಗ್ಗ ಗಟ್ಟಿಯೇ ಎಂದು ಈ ಚಿತ್ರಗಳನ್ನು ನೋಡಿ ಬರೆದ ವರದಿ ಮಧ್ಯಾಹ್ನ ಹೋಗಬೇಕು. ಗಟ್ಟಿ ಎಂದರೆ ನಾಳೆಯೇ ರೋಪ್‌ವೇ ಶುರು.

*

"ಬೆಳಿಗ್ಗೆ ಏಳೂ ಹತ್ತಕ್ಕೆ ಸೂಕ್ಷ್ಮದರ್ಶಕದ ಕಂಪ್ಯೂಟರ್‌ಗೆ ಲಾಗಿನ್ ಆಗಿದ್ದು ನೀನೇ ತಾನೆ?" ಎಂದಳು ಇತ್ಸುಕೊ.

ತಂತ್ರಜ್ಞ ನೋಬೆಯ ಬಾಯಲ್ಲಿ ಅನ್ನದುಂಡೆ ಇತ್ತು. "ಹೂಂ ಅಕ್ಕ. ಯಂತ್ರ ತಣ್ಣಗಿದ್ಯಾ ನೋಡ್ದೆ. ಕಂಪ್ಯೂಟರ್ ಹಾಗೇ ತೆರೆದಿಟ್ಟು ತಿಂಡಿ ತರೋಕೆ ಹೋದೆ. ಯಾಕೆ?"

"ಚಿತ್ರ ಬದಲಾಗಿದೆ."

"ನಾನ್ಯಾಕೆ ಬದಲಾಯಿಸ್ಲಿ? ನಂಗೆ ಪಾಸ್‌ವರ್ಡ್ ನೆನಪಿರೋದೇ ಹೆಚ್ಚು!"

ಉಪನಿರ್ದೇಶಕ ಕಾಜಿಹಾರಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಬೇರೆ ಯಾವ್ದೋ ಉಕ್ಕಿನ ಚಿತ್ರ ನೋಡಿರ್ತೀರಿ, ಇತ್ಸುಕೊ ಅವ್ರೆ. ದಿನಕ್ಕೆ ಸಾವಿರಾರು ನೋಡಿದ್ರೆ ಯಾರಿಗಾದ್ರೂ ಕಲಸುಮೇಲೋಗರ ಆಗತ್ತೆ."

ಆಗಿರಬಹುದೇ? ಅಮ್ಮನಿಗೆ ಮರೆವು ಶುರುವಾದದ್ದೂ ಇದೇ ವಯಸ್ಸಿನಲ್ಲಿ. ಇತ್ಸುಕೊಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಯಿತು. ನೋಬೆ ಸುಳ್ಳು ಹೇಳುತ್ತಿದ್ದಾನೆಯೇ? ಅಥವಾ ತಾನು ಕಂಡದ್ದೇ ಸುಳ್ಳೇ?

ಅವಳು ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದಳು. ಉಕ್ಕು ಬದಲಾಯಿತು, ಕೋನ ಬದಲಾಯಿತು. ಎಡಮೂಲೆಯ ಒಂದು ಬಿಳಿ ಚುಕ್ಕೆ ಮಾತ್ರ ಕದಲಲಿಲ್ಲ.

ಅವಳ ಕೈ ನಿಂತಿತು.

*

ಹನ್ನೊಂದು ಗಂಟೆಗೆ ನಿರ್ದೇಶಕಿ ತಾತ್ಸುಮಿಯ ಕೋಣೆಯಲ್ಲಿ ಮೂವರೂ ಸೇರಿದರು.

"ಈ ಚುಕ್ಕೆ ಉಕ್ಕಿನದಲ್ಲ," ಎಂದಳು ಇತ್ಸುಕೊ. "ಕ್ಯಾಮೆರಾದ್ದು. ಅಲ್ಲೊಂದು ಬಿಂದು ಕೆಟ್ಟಿದೆ. ನಮ್ಮ ಹಳೇ ಕ್ಯಾಮೆರಾದಲ್ಲಿ ಈ ದೋಷ ಇತ್ತು. ಅದನ್ನ ಏಪ್ರಿಲ್‌ನಲ್ಲೇ ಬಿಚ್ಚಿಟ್ವಿ. ನಿನ್ನೆಯ ಚಿತ್ರಕ್ಕೆ ಅದು ಹೇಗೆ ಬಂತು?"

"ದಿನಾಂಕ ನಿನ್ನೇದೇ ಇದ್ಯಲ್ಲ?" ಎಂದರು ತಾತ್ಸುಮಿ.

"ಹೆಸರು, ದಿನಾಂಕ ಯಾರು ಬೇಕಾದ್ರೂ ತಿದ್ದಬಹುದು. ಹಳೇ ಸಂಗ್ರಹ ಹುಡುಕ್ದೆ. ಮೂರು ವರ್ಷದ ಹಿಂದೆ ಇದೇ ಹಗ್ಗ ಹೊಸದಾಗಿದ್ದಾಗ ತೆಗೆದ ಚಿತ್ರಗಳು ಇವು. ಒಂದರ ಮೇಲೊಂದು ಇಟ್ರೆ ಕೂದಲಷ್ಟೂ ವ್ಯತ್ಯಾಸ ಇಲ್ಲ. ಆ ಸಂಗ್ರಹಕ್ಕೆ ಬೀಗ ಇದೆ. ತೆಗೆಯೋಕೆ ಆಗೋದು ಇಬ್ಬರಿಗೇ. ನನಗೆ, ಮತ್ತೆ ಅವತ್ತು ಪರೀಕ್ಷೆ ಮಾಡಿದವರಿಗೆ."

ನೋಬೆ ಕಾಜಿಹಾರಾ ಅವರತ್ತ ತಿರುಗಿದ. "ಸರ್, ನಾನು ತಿಂಡಿಗೆ ಹೋದಾಗ ಯಂತ್ರದ ಹತ್ರ ನೀವೊಬ್ರೇ ಇದ್ರಿ..."

"ಇದೆಲ್ಲ ಊಹೆ," ಎಂದರು ಕಾಜಿಹಾರಾ.

"ಹಗ್ಗದ ತುಣುಕು ಇನ್ನೂ ಯಂತ್ರದೊಳಗೇ ಇದೆ, ಸರ್," ಎಂದಳು ಇತ್ಸುಕೊ. "ಹೋಗಿ ನೋಡೋಣ್ವಾ?"

ಕಾಜಿಹಾರಾ ಏಳಲಿಲ್ಲ.

"ನಾನು ಉಕ್ಕು ಮಾತ್ರ ನೋಡ್ದೆ. ಚುಕ್ಕೆ ನೋಡ್ಲಿಲ್ಲ," ಎಂದರು ಕೊನೆಗೆ. "ಈ ಹಗ್ಗ ಹತ್ತು ವರ್ಷ ಬಾಳತ್ತೆ ಅಂತ ಬರೆದುಕೊಟ್ಟಿದ್ದೆ. ಮೂರೇ ವರ್ಷಕ್ಕೆ ಹೀಗಾಯ್ತು ಅಂದ್ರೆ, ನಾನು ಬರೆದ ಉಳಿದ ವರದಿಗಳನ್ನ ಯಾರು ನಂಬ್ತಾರೆ?"

"ನಾಳೆ ಜನ ಅದನ್ನ ಹತ್ತೋರು," ಎಂದರು ತಾತ್ಸುಮಿ. ಫೋನಿಗೆ ಕೈ ಚಾಚಿದರು.

"ಬೇಡ. ರೋಪ್‌ವೇಯವರಿಗೆ ನಾನೇ ಹೇಳ್ತೀನಿ," ಎಂದರು ಕಾಜಿಹಾರಾ.

ಅವರು ಫೋನನ್ನು ತಮ್ಮತ್ತ ಎಳೆದುಕೊಂಡರು. ಎರಡು ಸಲ ತಪ್ಪು ಸಂಖ್ಯೆ ಒತ್ತಿದರು. ಮೂರನೆಯ ಸಲ ಇತ್ಸುಕೊ ಎದ್ದು ಬಂದು ತಾನೇ ಒತ್ತಿಕೊಟ್ಟಳು.