ಹೊಟ್ಟೆ ತುಂಬಿದ ಗಿಳಿಗಳು

"ನೀರು ಸುರೀಬೇಡಿ. ಗಿಳಿಗೆ ಅದು ಸ್ನಾನ ಅಲ್ಲ, ಪ್ರಳಯ."

ಬಾಗಿಲಲ್ಲಿ ನಿಂತು ಹಾಗೆಂದವನು ಪಶು ಆಸ್ಪತ್ರೆಯ ಕಂಪೌಂಡರ್. ಚೊಂಬು ಎತ್ತಿದ ಕೈ ಎತ್ತಿದಂತೆಯೇ ನಿಂತವಳು ಬಟ್ಟೆ ಹೊಲಿಯುವವಳು. ಪಂಜರದೊಳಗೆ ಎರಡು ಗಿಳಿಗಳು ಸರಳಿಗೆ ಬಡಿದುಕೊಂಡು ಕಿರುಚುತ್ತಿದ್ದವು. ಅವಳ ಬೆರಳಲ್ಲಿ ರಕ್ತ, ಕಣ್ಣಲ್ಲಿ ನೀರು.

ಊರು ಬಿಟ್ಟು ಹೋದ ಗಿರಾಕಿಯೊಬ್ಬರು ಒಪ್ಪಿಸಿ ಹೋದ ಜೋಡಿ ಅದು. ಮನುಷ್ಯರ ಕೈಯೆಂದರೆ ಏನೆಂದೇ ಅರಿಯದ ಹಕ್ಕಿಗಳು. ಗಲೀಜಾದ ಗರಿ ತೊಳೆಯೋಣವೆಂದು ಹೋಗಿ ಕಚ್ಚಿಸಿಕೊಂಡಿದ್ದಳು, ಆದರೂ ಬಿಡದೆ ಮತ್ತೆ ಚೊಂಬು ಎತ್ತಿದ್ದಳು. ಅವಳ ಜೊತೆಗಿದ್ದ ಸೋದರತ್ತೆ ಗಾಬರಿಯಾಗಿ ಆಸ್ಪತ್ರೆಗೆ ಹೇಳಿ ಕಳಿಸಿದ್ದರು.

ಅವನು ಮೊದಲು ಪಂಜರಕ್ಕೆ ಬಟ್ಟೆ ಹೊದಿಸಿದ. ಆಮೇಲೆ ಅವಳ ಬೆರಳು ತೊಳೆದು ಪಟ್ಟಿ ಕಟ್ಟಿದ. ಕಟ್ಟುವಾಗ ಒಮ್ಮೆಯೂ ತಲೆ ಎತ್ತಲಿಲ್ಲ.

'ಇಷ್ಟು ಮೆಲ್ಲಗೆ ಯಾರಾದರೂ ನನ್ನ ಕೈ ಹಿಡಿದು ಎಷ್ಟು ಕಾಲವಾಯಿತು...' ಅಂದುಕೊಂಡಳು. ಅಂದುಕೊಂಡದ್ದಕ್ಕೆ ತಾನೇ ನಾಚಿದಳು.

ಅಂದಿನಿಂದ ಅವನು ಕೆಲಸ ಮುಗಿಸಿ ಸಂಜೆ ಸಂಜೆ ಬರತೊಡಗಿದ. ಕಲಿಸಿದ್ದು ಬಹಳವಿಲ್ಲ. ಪಂಜರದ ಪಕ್ಕದಲ್ಲೇ ಕೂತು ಹೊಲಿಯಬೇಕು, ಅವುಗಳ ಗೊಡವೆಗೆ ಹೋಗಬಾರದು. ಅಗಲ ತಟ್ಟೆಯಲ್ಲಿ ತೆಳ್ಳಗೆ ನೀರಿಟ್ಟು, ಮೇಲೊಂದು ಸೊಪ್ಪಿನೆಲೆ ತೇಲಿಬಿಟ್ಟು ದೂರ ಸರಿಯಬೇಕು. ಅಂಗೈಯಲ್ಲಿ ಕಾಳಿಟ್ಟು, ತೋಳು ಸೋತರೂ ಅಲುಗದೆ ಕಾಯಬೇಕು. ಬಂದರೆ ಬಂತು, ಇಲ್ಲದಿದ್ದರೆ ನಾಳೆ.

ಅವಸರ ಮಾಡಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಮಾತಿಲ್ಲ. ಅತ್ತೆ ಅವನಿಗೆ ಮೂಕಪ್ಪ ಎಂದು ಹೆಸರಿಟ್ಟರು.

ಒಂದು ಬೆಳಗ್ಗೆ ಹೆಣ್ಣುಗಿಳಿ ಸೊಪ್ಪಿನಾಸೆಗೆ ತಟ್ಟೆಗಿಳಿಯಿತು. ಎದೆ ಅದ್ದಿತು, ರೆಕ್ಕೆ ಬಡಿಯಿತು. ಅವಳ ಮುಖಕ್ಕೆಲ್ಲ ಹನಿ. ಗಂಡೂ ಹಿಂದೆಯೇ ಇಳಿಯಿತು. ಆಮೇಲೆ ನೆನೆದ ಮೈಯಲ್ಲೇ ಹೆಣ್ಣು ಅವಳ ಮಣಿಕಟ್ಟನ್ನೇರಿ ಕಾಳು ಒಡೆಯುತ್ತ ಕುಳಿತಿತು. ಇದನ್ನು ಅವನಿಗೆ ಹೇಳಬೇಕೆಂದು ಅವಳು ದಿನವಿಡೀ ಕಾದಳು.

ಸಂಜೆ ಅವನು ಬಂದ... ಅವಳ ಬಾಯಿಗೆ ಬೀಗ ಬಿತ್ತು.

'ಗಿಳಿ ಪಳಗಿತು ಅಂದರೆ ಇವರಿಗೆ ಇಲ್ಲೇನು ಕೆಲಸ?'

ಹಾಗೆ ಶುರುವಾಯಿತು ಕಳ್ಳಾಟ. ಬೆಳಗ್ಗೆಯೇ ಹಕ್ಕಿಗಳ ಸ್ನಾನ. ಸಂಜೆ ಅವನ ಸೈಕಲ್ಲು ಬರುವ ಮೊದಲೇ ಹೊಟ್ಟೆ ಬಿರಿಯುವಷ್ಟು ಕಾಳು. ಹೊಟ್ಟೆ ತುಂಬಿದ ಗಿಳಿ ಯಾರ ಕೈಗೆ ಬಂದೀತು? ಗರಿ ಉಬ್ಬಿಸಿಕೊಂಡು ಮೇಲಿನ ಕೋಲಿನಲ್ಲಿ ತೂಕಡಿಸುತ್ತಿದ್ದವು. ಅವನು ಕೈ ಚಾಚಿ ಗಿಳಿಗಾಗಿ ಕಾಯುತ್ತಿದ್ದ. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಅವನ ಕೈಯನ್ನೇ ನೋಡುತ್ತಿದ್ದಳು.

ಅತ್ತೆಯ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. "ಗಿಳಿಗಳು ಪಳಗಿದ್ವು. ನಿನಗೇ ಇನ್ನೂ ಬಾಯಿ ಬಂದಿಲ್ಲ ನೋಡು," ಎಂದು ಒಮ್ಮೆ ಅವನಿಲ್ಲದಾಗ ಅವಳನ್ನು ಚುಚ್ಚಿದರು.

ಒಂದು ಸಂಜೆ ಅವನು ಮುಚ್ಚಳದ ಬುಟ್ಟಿಯೊಂದನ್ನು ಹಿಡಿದು ಬಂದ. ನೆಲ ನೋಡುತ್ತ ಸ್ಟೂಲಿನ ಮೇಲೆ ಕುಳಿತ. ತಪ್ಪು ತನ್ನದೇ, ತನ್ನ ಕೈಗುಣ ಈ ಹಕ್ಕಿಗಳಿಗೆ ಒಗ್ಗಲಿಲ್ಲ ಎಂದ. ಗೆಳೆಯನೊಬ್ಬ ದೊಡ್ಡ ಜಾಲರಿಮನೆಯಲ್ಲಿ ಹಕ್ಕಿ ಸಾಕಿದ್ದಾನಂತೆ. ಅಲ್ಲಿ ಬಿಟ್ಟರೆ ಅವೂ ಸುಖವಾಗಿರುತ್ತವೆ, ನಿಮಗೂ ದಿನಾ ತೊಂದರೆ ತಪ್ಪುತ್ತದೆ ಎಂದ.

'ತೊಂದರೆ...' ಬಂದು ಬಂದು ಇವರಿಗೇ ಸಾಕಾಯಿತೇನೋ ಎಂದುಕೊಂಡಳು ಅವಳು. ತಾನಿರುವಾಗ ಅವಳು ಸೂಜಿಯಿಂದ ಮುಖವೆತ್ತದಿದ್ದುದನ್ನು ನೋಡಿ ಅವನೂ ಹಾಗೆಯೇ ತಿಳಿದಿದ್ದ, ಅವಳಿಗೆ ತಾನು ಬೇಸರವಾಗಿದ್ದೇನೆ ಎಂದು.

ಅವನು ಪಂಜರದ ಚಿಲಕಕ್ಕೆ ಕೈ ಹಾಕಿದ.

"ತಡೀರಿ," ಎಂದಳು. ತಾನೇ ಬಾಗಿಲು ತೆರೆದು ಕಾಳಿಟ್ಟ ಕೈ ಒಳಗೆ ಚಾಚಿದಳು. 'ಬಾರೇ ತಾಯಿ, ಇವತ್ತೊಂದು ಸಲ ಬಾ...'

ಹೆಣ್ಣುಗಿಳಿ ಒಂದು ಕಣ್ಣು ತೆರೆಯಿತು. ಮತ್ತೆ ಮುಚ್ಚಿತು. ಈಗಷ್ಟೇ ಬೊಗಸೆ ಕಾಳು ತಿನ್ನಿಸಿದ್ದವಳು ಅವಳೇ ಅಲ್ಲವೆ? ಹಕ್ಕಿ ಹೇಳದ ಮಾತನ್ನು ತಾನೇ ಹೇಳದೆ ಗತಿಯಿರಲಿಲ್ಲ.

"ಬೆಳಗ್ಗೆ ಬರ್ತಾವೆ. ದಿನಾ ಸ್ನಾನ ಮಾಡ್ತಾವೆ, ಕೈಮೇಲೆ ಕೂರ್ತಾವೆ. ನೀವು ಬರೋ ಹೊತ್ತಿಗೆ ನಾನೇ ಹೊಟ್ಟೆ ತುಂಬಿಸಿಡ್ತೀನಿ."

"ಯಾಕೆ?"

"ಪಳಗಿದ್ರೆ ನೀವು ಬರಲ್ವಲ್ಲ."

ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಯ ಸದ್ದು ನಿಂತಿತು.

ಅವನು ಬುಟ್ಟಿ ಎತ್ತಿಕೊಂಡು ಬಾಗಿಲಾಚೆ ನಡೆದ. ಅವಳು ಕಣ್ಣು ಮುಚ್ಚಿಕೊಂಡಳು... ಹೊರಗೆ ಸೈಕಲ್ಲಿಗೆ ಬುಟ್ಟಿ ತೂಗುಹಾಕಿದ ಸದ್ದು. ಆಮೇಲೆ ಮತ್ತೆ ಹೆಜ್ಜೆ. ಅವನು ಬಂದು ಅದೇ ಸ್ಟೂಲಿನ ಮೇಲೆ ಕುಳಿತ. ಈ ಸಲ ನೆಲ ನೋಡಲಿಲ್ಲ, ಅವಳನ್ನು ನೋಡಿದ.

"ಮೊದಮೊದಲು ಗಿಳಿಗೋಸ್ಕರ ಬಂದೆ. ಆಮೇಲೆ ಗಿಳಿ ನೆಪ," ಎಂದ. ಮತ್ತೆ ಕೇಳಿದ, "ನಾಳೆ ಬೆಳಗ್ಗೆ ಬರ್ಲಾ, ಸ್ನಾನ ನೋಡೋಕೆ?"

"ಬನ್ನಿ."

"ಸಂಜೆ?"

"ಸಂಜೆ ಮತ್ತೆ ಬರ್ಬೇಕಾದ್ರೆ ನಡುವೆ ಹೋಗ್ಬೇಕಲ್ಲ," ಎಂದಳು. "ಹೋಗೋದ್ಯಾಕೆ?"