ಮದುವೆ ಮನೆಗೆ ಸಂತಾಪ ಹೇಳಲು ಬಂದವನು

"ಯಾರು ಹೋಗಿಬಿಟ್ರು?"

ನಮ್ಮ ಬೇಕರಿಯ ಹಿಂಬಾಗಿಲಲ್ಲಿ ಯೋಸ್ಟ್ ಕರಿ ಕೋಟು ತೊಟ್ಟು, ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದ.

ಬೆಳಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಚರ್ಚಿನ ಚಾವಣಿ ಕೆಲಸ ಮುಗಿದಿತ್ತು. ಮಧ್ಯಾಹ್ನದ ವ್ಯಾನಿನಲ್ಲಿ ಬಡಗಿಗಳೆಲ್ಲ ಹೊರಡುವವರಿದ್ದರು, ಇವನೂ ಸೇರಿ. ಅವನಿಗೆ ಹೇಳಬೇಕಾದ ಮಾತನ್ನು ಬೇಸಿಗೆಯಿಡೀ ನಾನು ಹೇಳಿಯೇ ಇರಲಿಲ್ಲ. ಈ ಮಹಾನುಭಾವ ನೋಡಿದರೆ ಹೆಣ ಹುಡುಕಿಕೊಂಡು ಬಂದಿದ್ದಾನೆ!

"ಯಾರೂ ಹೋಗಿಲ್ಲ ಕಣೋ. ನಾಳೆ ಅಕ್ಕನ ಮದುವೆ."

"ಮತ್ತೆ ಬೆಳಗ್ಗೆ ಕಿಟಕೀಲಿ ಕಂಡ ಇಷ್ಟೊಂದು ಸ್ಟ್ರಾಯ್ಸೆಲ್ ಕೇಕು? ನಮ್ಮ ಐಫೆಲ್ ಕಡೆ ಮಣ್ಣು ಮಾಡಿ ಬಂದವರಿಗೆ ಕೊಡೋದು ಇದನ್ನ!"

"ನಮ್ಮ ಲೌಸಿಟ್ಸ್‌ನಲ್ಲಿ ಮದುವೆಗೆ ಮುಂಚೆ ಬೀದಿಗೆಲ್ಲ ಹಂಚ್ತೀವಿ."

ಅವನ ಕಿವಿ ಕೆಂಪಾಯಿತು. ನಾನು ನಗು ನುಂಗಿಕೊಂಡು ಬಟ್ಟಲು ಮುಂದೆ ತಳ್ಳಿದೆ. ಬೆಣ್ಣೆ, ಸಕ್ಕರೆ, ಹಿಟ್ಟು ಸೇರಿಸಿ ಬೆರಳಲ್ಲಿ ಉಜ್ಜಿದ ಪುಡಿಯುಂಡೆಗಳು ಅದರಲ್ಲಿದ್ದವು. "ಕೈ ತೊಳ್ಕೊಂಡು ಸಹಾಯ ಮಾಡು."

ಅವನು ಮುಷ್ಟಿ ತುಂಬ ತೆಗೆದು ಕೇಕಿನ ಮೇಲೆ ಒತ್ತಿದ.

"ಅಯ್ಯೋ, ಮೊಳೆ ಹೊಡೀತಿದ್ದೀಯಾ? ಉದುರಿಸು. ಹೆಸರಲ್ಲೇ ಇದೆಯಲ್ಲೋ! ಸ್ಟ್ರಾಯೆನ್ ಅಂದ್ರೆ ಉದುರಿಸೋದು, ಉದುರಿಸಿದ್ದು ಸ್ಟ್ರಾಯ್ಸೆಲ್."

"ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕೋದಕ್ಕೂ ಅದೇ ಮಾತು ತಾನೇ? ರಸ್ತೆಗೂ ಕೇಕಿಗೂ ಒಂದೇ ಮರ್ಯಾದೆ ಅನ್ನು."

"ಗದ್ದೆಗೆ ಬೀಜ ಚೆಲ್ಲೋದಕ್ಕೂ ಅದೇ. ಮಾತು ಸಾಕು, ಮೆಲ್ಲಗೆ ಉದುರಿಸು."

ಅವನು ತಲೆ ತಗ್ಗಿಸಿ ಮೆಲ್ಲಗೆ ಉದುರಿಸಿದ. ರೆಪ್ಪೆಯ ಮೇಲೆ ಹಿಟ್ಟು ಕೂತಿತ್ತು. ಒರೆಸಲು ಕೈ ಎತ್ತಿದವಳು ಅರ್ಧದಲ್ಲೇ ನನ್ನ ಕೆನ್ನೆ ಕೆರೆದುಕೊಂಡೆ. ಅವನು ಅದನ್ನೂ ನೋಡಿದ.

"ಮದುವೇಲಿ ಈ ಕೇಕು ಕಂಡ್ರೆ ನಮ್ಮಮ್ಮ ಅತ್ತೇಬಿಡ್ತಾಳೆ."

"ಯಾರ ಮದುವೇಲಿ?"

ಅವನು ಪುಡಿಯನ್ನು ಒಂದೇ ಮೂಲೆಯಲ್ಲಿ ಗುಡ್ಡೆ ಹಾಕುತ್ತಲೇ ಇದ್ದ. ನಾನು ಖಾಲಿ ತಟ್ಟೆಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಇಟ್ಟೆ. ಹೊರಗೆ ವ್ಯಾನಿನ ಹಾರ್ನ್ ಬಡಿದುಕೊಳ್ಳತೊಡಗಿತು.

"ಹೊರಡ್ತೀನಿ, ಯೂಡಿತ್."

"ಹೋಗ್ಬೇಡ."

"ಇಲ್ಲಿ ಕೆಲಸ ಮುಗೀತಲ್ಲ."

"ಕೆಲಸ ಹಾಳಾಗ್ಲಿ. ನಂಗೆ ನೀನು ಬೇಕು."

ಹೇಳಿಯೇಬಿಟ್ಟೆ. ಯೋಸ್ಟ್ ನನ್ನನ್ನೇ ನೋಡಿದ. ಆಮೇಲೆ ಬೆಣ್ಣೆಯ ಕೈಯನ್ನು ಆ ಕರಿ ಕೋಟಿಗೇ ಒರೆಸಿಕೊಂಡು ಬಾಗಿಲಿಗೆ ಓಡಿದ.

"ಮೇಸ್ತ್ರೀ, ನೀವು ಹೊರಡಿ! ನಾನು ಇಲ್ಲೇ ಇರ್ತೀನಿ!"

ವ್ಯಾನಿನಿಂದ ಮೇಸ್ತ್ರಿ ತಲೆ ಹೊರಹಾಕಿದ. "ಏನೋ, ಕೊನೆಗೂ ಹುಡುಗಿ ಒಪ್ಪಿದ್ಲಾ?"

"ಇನ್ನೂ ಕೇಳೇ ಇಲ್ಲ!"

ನಾನು ಅವನನ್ನು ಪಕ್ಕಕ್ಕೆ ತಳ್ಳಿ, ಇಡೀ ಬೀದಿಗೆ ಕೇಳುವಂತೆ ಕೂಗಿದೆ:

"ಒಪ್ಪಿದ್ದಾಳೆ, ಮೇಸ್ತ್ರೀ!"