ದಾಮೋದರ ಬಿಟ್ಟುಕೊಟ್ಟ ಹಗ್ಗ

"ಅಯ್ಯೋ ಯವ್ವಾ, ಬಿದ್ದೆ..."

ಬಾಯಿಂದ ಕನ್ನಡವೇ ಬಂದಿತ್ತು. ಗುಜರಾತಿನ ಈಡರಿನ ಕೆರೆಯಂಚಿನ ಕಡಿದಾದ ಗ್ರಾನೈಟ್ ಬಂಡೆಯಲ್ಲಿ ಕಾಲು ಜಾರಿ, ಮೂವತ್ತು ಅಡಿ ಎತ್ತರದಲ್ಲಿ, ವಿಂಧ್ಯಾ ಸೊಂಟದ ಹಗ್ಗಕ್ಕೆ ಜೋತುಬಿದ್ದಿದ್ದಳು.

"ಹೆದರ್ಬೇಡಿ. ಹಗ್ಗ ನನ್ನ ಕೈಯಲ್ಲಿ ಉಂಟು."

ಕೆಳಗಿನಿಂದ ಬಂದ ಮಾತು... ಕನ್ನಡ! ಅಪ್ಪನ ಕೆಲಸಕ್ಕಾಗಿ ವಡೋದರಾಕ್ಕೆ ಬಂದು ಎರಡು ವರ್ಷವಾಗಿತ್ತು. ಮನೆಯ ಹೊರಗೆ ಯಾರೂ ಅವಳೊಡನೆ ಕನ್ನಡ ಆಡಿರಲಿಲ್ಲ. ಅವಳಿಗೆ ಅಳುವೇ ಬಂತು.

ಅವನು ದಾಮೋದರ. ವಡೋದರಾದ ಮಕರಪುರದಲ್ಲಿ ಮನೆಯವರದೇ ಉಡುಪಿ ಹೋಟೆಲು. ತಿಂಗಳಿಗೆ ಎರಡು ಭಾನುವಾರ ಗಲ್ಲಾಪೆಟ್ಟಿಗೆ ಅಣ್ಣನಿಗೆ ಬಿಟ್ಟು, ಬಂಡೆ ಹತ್ತುವವರ ತಂಡದ ಜೊತೆ ಬಸ್ಸು ಏರುತ್ತಿದ್ದ. ವಿಂಧ್ಯಾ ಆ ತಂಡಕ್ಕೆ ಅವತ್ತೇ ಹೊಸದಾಗಿ ಸೇರಿದ್ದಳು.

1994ರ ಆ ನವೆಂಬರಿನಿಂದ, ವಿಂಧ್ಯಾ ಹತ್ತುವಾಗಲೆಲ್ಲ ಕೆಳಗೆ ನಿಂತು, ಬಂಡೆಯ ತುದಿ ಸುತ್ತಿ ಇಳಿದ ಅವಳ ಹಗ್ಗದ ಇನ್ನೊಂದು ಕೊನೆ ಹಿಡಿಯುತ್ತಿದ್ದವನು ಅವನೇ. ಹತ್ತಿ ಇಳಿದ ಮೇಲೆ ಇಬ್ಬರದೂ ಮುಗಿಯದ ಮಾತು.

ಜನವರಿಯಲ್ಲಿ ಅವಳು ಮತ್ತೆ ಜಾರಿದಳು. ಈ ಸಲ ಹಗ್ಗ ಒಂದು ಮಾರು ಸಡಿಲವಾಗಿ ಸರಿದು ಆಮೇಲೆ ನಿಂತಿತು. ಮೊಣಕಾಲು ತರಚಿತು, ಅಷ್ಟೇ.

ಮುಂದಿನ ಸಲ ದಾಮೋದರ ಹಗ್ಗವನ್ನು ತಂಡದ ನಿತಿನ್ ಕೈಗೆ ಕೊಟ್ಟ. "ಇನ್ನು ಇವನು ಹಿಡೀತಾನೆ" ಎಂದು ಕೆರೆಯ ಕಡೆ ಹೋಗಿ ಕೂತುಬಿಟ್ಟ.

ನಾನು ಅಷ್ಟು ಬೇಡವಾದೆನಾ? ಎಂದುಕೊಂಡಳು ವಿಂಧ್ಯಾ.

ವಡೋದರಾದ ಗೋರ್ವಾ ಬಡಾವಣೆಯ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಮಧ್ಯಾಹ್ನಗಳು ಉದ್ದವಾದವು. ಅಪ್ಪ ಬ್ಯಾಂಕಿನಲ್ಲಿ, ಅಮ್ಮ ನಿದ್ದೆಯಲ್ಲಿ. ಅವನಿಗೆ ಹೇಳಬೇಕೆಂದು ಕೂಡಿಟ್ಟ ಮಾತುಗಳೆಲ್ಲ ಅವಳಲ್ಲೇ ಉಳಿದವು. ದಿಂಬಿಗೆ ಮುಖ ಒತ್ತಿ ಅತ್ತದ್ದು ಅಮ್ಮನಿಗೂ ಗೊತ್ತಾಗಲಿಲ್ಲ.

ಮಾರ್ಚ್‌ನಲ್ಲಿ ಅಪ್ಪನ ಕೈಗೆ ವರ್ಗದ ಆದೇಶ ಬಂತು. ಕೊನೆಯ ಭಾನುವಾರ ವಿಂಧ್ಯಾ ನೇರ ದಾಮೋದರ ಕೂತಿದ್ದ ಕೆರೆಯ ದಂಡೆಗೆ ಹೋದಳು.

"ಸೂರತ್‌ಗೆ ಟ್ರಾನ್ಸ್‌ಫರ್ ಆಗೇದ. ಬರೋ ವಾರ ಹೊಂಟೀವಿ. ನನ್ನ ಹಗ್ಗ ಯಾಕ ಬಿಟ್ರಿ, ಅಷ್ಟ ಹೇಳ್ರಿ."

ದಾಮೋದರ ಅವಳ ಕಡೆ ತಿರುಗಿದ.

"ಅವತ್ತು ನೀವು ಜಾರಿದಾಗ ನಾನು ಹಗ್ಗ ನೋಡ್ಲಿಲ್ಲ... ನಿಮ್ಮ ಮುಖ ನೋಡಿದೆ. ಕೈ ನಡುಗಿತು. ಬೇರೆ ಯಾರು ಜಾರಿದ್ರೂ ನಂಗೆ ಹಾಗೆ ಆಗುದಿಲ್ಲ. ನಡುಗುವ ಕೈಯಲ್ಲಿ ನಿಮ್ಮ ಜೀವ ಹೇಗೆ ಹಿಡಿಯುದು?"

"ಇದನ್ನ ಅವತ್ತ ಹೇಳಬೇಕಿಲ್ಲೋ?"

"ಹೇಳಿದ್ರೆ ನೀವು ಬರುದೇ ನಿಲ್ಲಿಸಿದ್ರೆ?"

ಈ ಗಂಡಸರಿಗೆ ಬಂಡೆ ಹತ್ತಲು ಬರುತ್ತದೆ, ಬಾಯಿ ಬಿಡಲು ಬರುವುದಿಲ್ಲ. ವಿಂಧ್ಯಾಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಎರಡು ತಿಂಗಳು ಸುಮ್ಮನೆ ಅತ್ತಿದ್ದಳಲ್ಲ!

"ಏಳ್ರಿ. ಇವತ್ತ ನೀವು ಹತ್ರಿ. ಹಗ್ಗ ನಾ ಹಿಡೀತೀನಿ."

"ನಾನು ನಿಮಗಿಂತ ಭಾರ."

"ಗಿಡಕ್ಕ ನನ್ನ ಕಟ್ಕೋತೀನಿ."

ಬೇವಿನ ಮರಕ್ಕೆ ಸೊಂಟ ಬಿಗಿದುಕೊಂಡು, ಬಂಡೆಯ ತುದಿ ಸುತ್ತಿ ಇಳಿದ ಹಗ್ಗವನ್ನು ಅವಳು ಎರಡೂ ಕೈಯಲ್ಲಿ ಹಿಡಿದಳು. ಅರ್ಧ ಹತ್ತಿದವನು ನಿಂತು ಕೆಳಗೆ ನೋಡಿದ.

"ವಿಂಧ್ಯಾ... ನಿಮ್ಮ ಕೈ ನಡುಗ್ತದಾ?"

"ಭಾಳ ನಡಗಾಕತ್ತಾವ."

"ಮತ್ತೆ?"

"ಬಿಟ್ಟಿಲ್ಲಲ್ಲ..." ಅವಳು ಹಗ್ಗವನ್ನು ಇನ್ನೂ ಬಿಗಿ ಹಿಡಿದಳು. "ಸೂರತ್‌ಗೆ ಬಂದು ಅಪ್ಪಾಜಿನ್ನ ಕೇಳ್ತೀನಿ ಅಂತ ನೀವು ಅನ್ನೋತನಕ ಕೆಳಗ ಇಳಸಂಗಿಲ್ಲ ನೋಡ್ರಿ."

ಅವನು ಬಂಡೆಗೆ ಹಣೆ ಒತ್ತಿ ನಕ್ಕ.

"ಬರ್ತೇನೆ ಮಾರಾಯ್ತಿ... ಬರ್ತೇನೆ."